ವಾಣಿಜ್ಯ ಕಟ್ಟಡದ ಪ್ಲಂಬಿಂಗ್: ಓದುಗರ ಪ್ರಶ್ನೆ, ಎಂಜಿನಿಯರರ ಉತ್ತರ

ಮಳೆ ಬಿಟ್ಟು ಕಟ್ಟಡದ ಕೆಲಸಗಳು ಮತ್ತೆ ಶುರುವಾಗುವ ಹೊತ್ತಾದ್ದರಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಅಂಗಡಿ ಸಮುಚ್ಚಯ, ಹೋಟೆಲು, ಸಭಾಭವನಗಳ ನೀರು ಮತ್ತು ಶೌಚ ವ್ಯವಸ್ಥೆಗೆ ಸಂಬಂಧಿಸಿದವು. ಮನೆಗಳ ಕುರಿತ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಬದಿಯಡ್ಕ ಪೇಟೆಯ ಸಮೀಪ ಹದಿನೆಂಟು ಸೆಂಟ್ಸ್ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡ ಕಟ್ಟಿಸುತ್ತಿದ್ದೇವೆ. ಕೆಳಗೆ ಅರುವತ್ತು ಮಂದಿ ಕೂರಬಹುದಾದ ಹೋಟೆಲು, ಮೇಲಿನ ಎರಡು ಅಂತಸ್ತುಗಳಲ್ಲಿ ನಲುವತ್ತು ಮಂದಿ ಕೆಲಸ ಮಾಡುವಷ್ಟು ಕಚೇರಿಗಳು. ಜಾಗದ ಮೂಲೆಯಲ್ಲಿ ನಮ್ಮದೇ ಬಾವಿ ಇದೆ. ನಾಲ್ಕಿಂಚಿನ ಒಂದೇ ಲೈನ್ ಇಳಿಸಿದರೆ ಕಕ್ಕಸು, ಅಡುಗೆಮನೆ, ತಾರಸಿಯ ಮಳೆನೀರು ಎಲ್ಲವೂ ಅದರಲ್ಲೇ ಹೋಗುತ್ತದೆ ಎಂದು ಪ್ಲಂಬರ್ ಹೇಳುತ್ತಾರೆ. ಪ್ಲಾನ್ ಈಗಾಗಲೇ ಪಾಸಾಗಿದೆ. ನಿಯಮದ ಪ್ರಕಾರ ಇದು ಸರಿಯೇ? ಕೊನೆಗೆ ಪಂಚಾಯತಿನಿಂದ ಕಟ್ಟಡ ನಂಬರ್ ಸಿಗುವಾಗ ತೊಂದರೆಯಾದೀತೇ?

ಉತ್ತರ: ಒಂದೇ ಲೈನ್ ಸರಿಯಲ್ಲ. ತಾವು ಇನ್ನೂ ಸ್ಲ್ಯಾಬಿನ ಹಂತದಲ್ಲಿದ್ದರೆ ಬದಲಾಯಿಸಲು ಕಾಲ ಮೀರಿಲ್ಲ. ಮೊದಲಿಗೆ ಯಾವ ನಿಯಮ ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ. ಬದಿಯಡ್ಕ ಗ್ರಾಮ ಪಂಚಾಯತಾದ್ದರಿಂದ ತಮಗೆ ಅನ್ವಯಿಸುವುದು 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳು. ಕಾಸರಗೋಡು, ಕಾಞಂಗಾಡ್, ನೀಲೇಶ್ವರ ನಗರಸಭೆಗಳ ವ್ಯಾಪ್ತಿಯವರಿಗೆ ಅದೇ ವರ್ಷದ ಮುನಿಸಿಪಾಲಿಟಿ ಕಟ್ಟಡ ನಿಯಮಗಳು. ಕಟ್ಟಡ ಎಲ್ಲಿ, ಎಷ್ಟು, ಬಾವಿಯಿಂದ ಎಷ್ಟು ದೂರ ಎಂಬುದನ್ನು ಈ ನಿಯಮಗಳು ಹೇಳುತ್ತವೆ. ಕೊಳವೆಗಳನ್ನು ಹೇಗೆ ಅಳವಡಿಸಬೇಕು ಎಂಬ ವಿವರಕ್ಕೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಒಂಬತ್ತನೆಯ ಭಾಗವನ್ನೂ ಭಾರತೀಯ ಮಾನಕ ಸಂಸ್ಥೆಯ ಐಎಸ್ ಸಂಖ್ಯೆಗಳನ್ನೂ ನೋಡಬೇಕಾಗುತ್ತದೆ. ಇವು ಇಂಗ್ಲಿಷಿನಲ್ಲಿರುವುದರಿಂದ ನಮ್ಮಲ್ಲಿ ಹೆಚ್ಚಿನ ಮಾಲಕರು ಅವನ್ನು ಓದುವುದಿಲ್ಲ, ಪ್ಲಂಬರ್ ಹೇಳಿದ್ದೇ ನಿಯಮವೆಂದು ನಂಬುತ್ತಾರೆ. ಪ್ಲಾನ್ ಪಾಸಾಗುವಾಗ ನೋಡುವುದು ಮುಖ್ಯವಾಗಿ ಕಟ್ಟಡದ ಅಳತೆ, ಬಿಟ್ಟ ಜಾಗ, ಶೌಚಾಲಯಗಳ ಸಂಖ್ಯೆ, ಸೆಪ್ಟಿಕ್ ಟ್ಯಾಂಕಿನ ಸ್ಥಾನ ಮುಂತಾದವನ್ನೇ ಹೊರತು ಗೋಡೆಯೊಳಗೆ ಯಾವ ಕೊಳವೆ ಯಾವುದಕ್ಕೆ ಸೇರುತ್ತದೆ ಎಂಬುದನ್ನಲ್ಲ. ಆದ್ದರಿಂದ ಪ್ಲಾನ್ ಪಾಸಾಗಿದೆ ಎಂಬುದು ಪ್ಲಂಬಿಂಗ್ ಸರಿಯಿದೆ ಎಂಬುದಕ್ಕೆ ಪ್ರಮಾಣವಲ್ಲ.

ಇನ್ನು ತಮ್ಮ ಕಟ್ಟಡಕ್ಕೆ ಬರೋಣ. ಕನಿಷ್ಠ ಮೂರು ಲೈನುಗಳು ಬೇರೆ ಬೇರೆಯಾಗಿಯೇ ನೆಲಕ್ಕಿಳಿಯಬೇಕು. ಕಕ್ಕಸಿನ ಲೈನ್ ಸೆಪ್ಟಿಕ್ ಟ್ಯಾಂಕಿಗೆ ಹೋಗಬೇಕು. ಹೋಟೆಲಿನ ಅಡುಗೆಮನೆಯ ಲೈನ್ ಮೊದಲು ಜಿಡ್ಡನ್ನು ತಡೆದು ನಿಲ್ಲಿಸುವ ತೊಟ್ಟಿಯಾದ ಗ್ರೀಸ್ ಟ್ರಾಪಿಗೆ ಹೋಗಬೇಕು. ಮಳೆನೀರಿನ ಲೈನ್ ಇವೆರಡಕ್ಕೂ ತಾಗದೆ ಸಂಗ್ರಹದ ಟ್ಯಾಂಕಿಗೋ ಇಂಗುಗುಂಡಿಗೋ ಹೋಗಬೇಕು. ಕಾರಣ ಸರಳವಾಗಿದೆ. ತಮ್ಮ ತಾರಸಿ ಇನ್ನೂರೈವತ್ತು ಚದರ ಮೀಟರ್ ಇದೆಯೆಂದುಕೊಳ್ಳಿ. ಜೂನ್ ತಿಂಗಳ ಜೋರು ಮಳೆಯಲ್ಲಿ ಗಂಟೆಗೆ 100 ಮಿಲಿಮೀಟರಿನ ರಭಸದಲ್ಲಿ ನೀರು ಬಿದ್ದರೆ ಆ ಒಂದು ಗಂಟೆಯಲ್ಲಿ ತಾರಸಿಯಿಂದ ಇಳಿಯುವುದು 25,000 ಲೀಟರ್. ಸೆಪ್ಟಿಕ್ ಟ್ಯಾಂಕಿನ ಕೆಲಸವೇ ಕೊಳಚೆಯನ್ನು ಅಲುಗಾಡದಂತೆ ನಿಲ್ಲಿಸಿ ತಳಕ್ಕೆ ಇಳಿಯಬಿಡುವುದು. ಅದರೊಳಕ್ಕೆ ಈ ನೀರು ನುಗ್ಗಿದರೆ ತಳದ ಕೆಸರೆಲ್ಲ ಎದ್ದು, ಟ್ಯಾಂಕಿನಿಂದ ಹೊರಬರುವ ನೀರು ಇಂಗುವ ಬೇರೆ ಇಂಗುಗುಂಡಿಗೆ ಹೋಗಿ ಅದರ ರಂಧ್ರಗಳನ್ನು ಕಟ್ಟಿಹಾಕುತ್ತದೆ. ಹೊಸ ವಾಣಿಜ್ಯ ಕಟ್ಟಡಗಳಿಗೆ ಮಳೆನೀರು ಸಂಗ್ರಹವನ್ನು ಕೇರಳದ ನಿಯಮಗಳು ಹೇಗೂ ಕೇಳುತ್ತವೆ, ಹಾಗಾಗಿ ಬೇರೆ ಲೈನ್ ಹಾಕಿದ್ದರಿಂದ ತಮಗೆ ಹೆಚ್ಚಿನ ಖರ್ಚೇನೂ ಆಗದು.

ಅಡುಗೆಮನೆಯ ನೀರಿನ ತೊಂದರೆ ಬೇರೆಯದು. ಕಾಯಿ, ಎಣ್ಣೆ, ತುಪ್ಪದ ಜಿಡ್ಡು ಬಿಸಿನೀರಿನಲ್ಲಿ ಕರಗಿ ಹೋಗುವಾಗ ಏನೂ ಕಾಣುವುದಿಲ್ಲ. ಹತ್ತು ಮೀಟರ್ ಆಚೆ ನೀರು ತಣಿದಾಗ ಕೊಳವೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಕೆಲವೇ ತಿಂಗಳಲ್ಲಿ ನಾಲ್ಕಿಂಚಿನ ಕೊಳವೆ ಎರಡಿಂಚಾಗುತ್ತದೆ. ಗ್ರೀಸ್ ಟ್ರಾಪನ್ನು ಸಿಂಕಿಗೆ ಆದಷ್ಟು ಹತ್ತಿರದಲ್ಲಿ, ಆದರೆ ಅಡುಗೆಮನೆಯ ಹೊರಗೆ, ಮುಚ್ಚಳ ತೆಗೆದು ಒಬ್ಬನೇ ಆಳು ಶುಚಿ ಮಾಡಬಹುದಾದ ಜಾಗದಲ್ಲಿ ಇಡಿ. ಶುಚಿ ಮಾಡಲು ಕಷ್ಟವಾದ ಗ್ರೀಸ್ ಟ್ರಾಪನ್ನು ಯಾರೂ ಶುಚಿ ಮಾಡುವುದಿಲ್ಲ. ಹೋಟೆಲಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯ ವಿಚಾರವೂ ಇದೆ. ಆಸನಗಳ ಸಂಖ್ಯೆ, ನೀರಿನ ಬಳಕೆ ನೋಡಿ ಏನು ಬೇಕೆಂಬುದು ತೀರ್ಮಾನವಾಗುತ್ತದೆ. ಅದನ್ನು ಕಟ್ಟಡ ಮುಗಿದ ಮೇಲೆ ವಿಚಾರಿಸಿದರೆ ಟ್ಯಾಂಕಿಗೆ ಜಾಗವೇ ಉಳಿದಿರುವುದಿಲ್ಲ.

ನೀರಿನ ಲೆಕ್ಕ ಹೀಗಿದೆ. ಹೋಟೆಲಿನ ಒಂದು ಆಸನಕ್ಕೆ ದಿನಕ್ಕೆ 70 ಲೀಟರ್, ಕಚೇರಿಯಲ್ಲಿ ಒಬ್ಬರಿಗೆ 45 ಲೀಟರ್ ಎಂದು ಸಂಹಿತೆ ಇಟ್ಟುಕೊಳ್ಳುತ್ತದೆ. ತಮ್ಮ ಅರುವತ್ತು ಆಸನಕ್ಕೆ 4,200, ನಲುವತ್ತು ಮಂದಿಗೆ 1,800, ಒಟ್ಟು ದಿನಕ್ಕೆ 6,000 ಲೀಟರ್. ತಾರಸಿಯ ಮೇಲೆ 2,000 ಲೀಟರಿನ ಒಂದು ಟ್ಯಾಂಕ್ ಇಟ್ಟು ಮುಗಿಸುವ ರೂಢಿ ನಮ್ಮಲ್ಲಿದೆ. ಕರೆಂಟ್ ಹೋಗದ, ಬಾವಿ ಬತ್ತದ ಊರಿನಲ್ಲಿ ಅದು ನಡೆದೀತು. ಬದಿಯಡ್ಕದ ಏಪ್ರಿಲ್ ತಿಂಗಳನ್ನು ಬಲ್ಲವರು ಕೆಳಗೊಂದು ಸಂಪ್, ಮೇಲೊಂದು ಟ್ಯಾಂಕ್ ಸೇರಿ ಒಂದು ದಿನದ ಬಳಕೆಯಷ್ಟಾದರೂ ನೀರು ನಿಲ್ಲುವಂತೆ ಮಾಡುತ್ತಾರೆ. ಟ್ಯಾಂಕಿಗೆ ನೀರು ಬೀಳುವ ಕೊಳವೆಯ ಬಾಯಿ ಓವರ್‌ಫ್ಲೋ ಮಟ್ಟಕ್ಕಿಂತ ಆ ಕೊಳವೆಯ ವ್ಯಾಸದ ಎರಡು ಪಟ್ಟಾದರೂ ಮೇಲಿರಲಿ. ಬಾಯಿ ನೀರೊಳಗೆ ಮುಳುಗಿದ್ದರೆ ಪಂಪ್ ನಿಂತಾಗ ಟ್ಯಾಂಕಿನ ನೀರು ಹಿಂದಕ್ಕೆ ಎಳೆದುಕೊಳ್ಳುವ ಸಂಭವವಿದೆ. ಓವರ್‌ಫ್ಲೋ ಕೊಳವೆ ಒಳಬರುವ ಕೊಳವೆಗಿಂತ ದೊಡ್ಡದಿರಬೇಕು, ಅದರ ತುದಿಗೆ ಸೊಳ್ಳೆ ನುಗ್ಗದ ಬಲೆ ಕಟ್ಟಬೇಕು. ಶೌಚಾಲಯಗಳ ಸಂಖ್ಯೆಯ ವಿಚಾರದಲ್ಲಿ, ಕಚೇರಿಗಳಲ್ಲಿ ಇಪ್ಪತ್ತೈದು ಗಂಡಸರಿಗೆ ಒಂದು, ಹದಿನೈದು ಹೆಂಗಸರಿಗೆ ಒಂದು ಎಂಬುದು ಸಂಹಿತೆಯ ಅಳತೆ. ತಮ್ಮಲ್ಲಿ ಇಪ್ಪತ್ತು ಇಪ್ಪತ್ತು ಎಂದಾದರೆ ಹೆಂಗಸರಿಗೆ ಎರಡು ಬೇಕು, ಒಂದಲ್ಲ. ಹೋಟೆಲಿಗೆ ಬರುವವರ ಶೌಚಾಲಯವನ್ನು ಈ ಲೆಕ್ಕದೊಳಗೆ ಸೇರಿಸಬಾರದು.

ಇಳಿಜಾರಿನ ಬಗ್ಗೆ ತಾವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಕಟ್ಟಡಗಳು ಸೋಲುವುದು ಇಲ್ಲಿಯೇ. ನಾಲ್ಕಿಂಚಿನ ಚರಂಡಿ ಕೊಳವೆಗೆ 40ಕ್ಕೆ 1ರ ಇಳಿಜಾರು, ಆರಿಂಚಿನದಕ್ಕೆ 60ಕ್ಕೆ 1 ಎಂಬುದು ಹಳೆಯ, ಚೆನ್ನಾಗಿ ಪಳಗಿದ ಲೆಕ್ಕ. ಕೊಳಚೆ ಸೆಕೆಂಡಿಗೆ ಮುಕ್ಕಾಲು ಮೀಟರ್ ವೇಗದಲ್ಲಾದರೂ ಹರಿದರೆ ತನ್ನ ದಾರಿಯನ್ನು ತಾನೇ ತೊಳೆದುಕೊಳ್ಳುತ್ತದೆ; ಅದಕ್ಕಿಂತ ನಿಧಾನವಾದರೆ ಗಟ್ಟಿ ಭಾಗ ಹಿಂದೆ ಉಳಿಯುತ್ತದೆ. ತಮ್ಮ ಶೌಚಾಲಯದಿಂದ ಸೆಪ್ಟಿಕ್ ಟ್ಯಾಂಕಿಗೆ 24 ಮೀಟರ್ ಇದ್ದರೆ ಇಳಿಜಾರಿಗೇ 60 ಸೆಂಟಿಮೀಟರ್ ಬೇಕು. ಕೊಳವೆ ನೆಲದಿಂದ ಒಂದಡಿ ಕೆಳಗೆ ಶುರುವಾದರೆ ಟ್ಯಾಂಕಿನ ಬಾಯಿ ಮೂರಡಿ ಆಳದಲ್ಲಿರುತ್ತದೆ. ಎಂದರೆ ಟ್ಯಾಂಕಿನ ಆಳವನ್ನು ಶೌಚಾಲಯದಿಂದ ಲೆಕ್ಕ ಹಾಕುತ್ತ ಹೋಗಿ ನಿರ್ಧರಿಸಬೇಕು. ನಮ್ಮಲ್ಲಿ ಜೆಸಿಬಿ ಬಂದ ದಿನ ಮೊದಲು ಟ್ಯಾಂಕಿನ ಗುಂಡಿ ತೋಡಿ, ಮೂರು ತಿಂಗಳ ಬಳಿಕ ಕೊಳವೆಯನ್ನು ಆ ಬಾಯಿಗೆ ಹೇಗಾದರೂ ಮುಟ್ಟಿಸುತ್ತಾರೆ. ಮೇಲಿನಿಂದ ಇಳಿಯುವ ಕೊಳವೆ ಬುಡದಲ್ಲಿ ತಿರುಗುವಲ್ಲಿ ಒಂದೇ ತೊಂಬತ್ತು ಡಿಗ್ರಿಯ ಎಲ್ಬೋ ಬೇಡ, ನಲುವತ್ತೈದರ ಎರಡು ಬೆಂಡ್ ಹಾಕಿಸಿ. ಅಡ್ಡ ಲೈನಿನಲ್ಲಿ ಇಂಗ್ಲಿಷಿನ T ಆಕಾರದ ಜಾಯಿಂಟಿನ ಬದಲು Y ಆಕಾರದ್ದು ಇರಲಿ. ತಿರುವು ಇರುವಲ್ಲೆಲ್ಲ, ಎರಡು ಲೈನ್ ಸೇರುವಲ್ಲೆಲ್ಲ ಮುಚ್ಚಳ ತೆಗೆದು ನೋಡಬಹುದಾದ ಚೇಂಬರ್ ಬೇಕು.

ಕುಡಿಯುವ ನೀರಿನ ಕೊಳವೆ ಚರಂಡಿಯ ಅದೇ ಕಣಿಯಲ್ಲಿ ಹೋಗದಿರುವುದೇ ಒಳ್ಳೆಯದು. ಅನಿವಾರ್ಯವಾದರೆ ನೀರಿನ ಕೊಳವೆಯ ತಳ ಚರಂಡಿ ಕೊಳವೆಯ ನೆತ್ತಿಗಿಂತ 300 ಮಿಲಿಮೀಟರ್ ಮೇಲಿರಬೇಕು, ಅದೂ ಕಣಿಯ ಒಂದು ಬದಿಯಲ್ಲಿ ಬಿಟ್ಟ ಗಟ್ಟಿ ಮಣ್ಣಿನ ಮೆಟ್ಟಿಲ ಮೇಲೆ. ಇನ್ನು ಬಾವಿ: ಕುಡಿಯುವ ನೀರಿನ ಬಾವಿಯಿಂದ 7.5 ಮೀಟರಿನೊಳಗೆ ಸೆಪ್ಟಿಕ್ ಟ್ಯಾಂಕಾಗಲಿ ಇಂಗುಗುಂಡಿಯಾಗಲಿ ಇರಕೂಡದು, ಜಾಗದ ಗಡಿಯಿಂದ 1.2 ಮೀಟರ್ ಬಿಡಬೇಕು ಎಂದು ನಿಯಮ ಹೇಳುತ್ತದೆ. ಈ ದೂರ ತಮ್ಮ ಬಾವಿಗೆ ಮಾತ್ರವಲ್ಲ, ಪಕ್ಕದವರ ಬಾವಿಗೂ ಅನ್ವಯಿಸುತ್ತದೆ. ತಮ್ಮ ಪತ್ರದಲ್ಲಿ ಪಕ್ಕದ ಬಾವಿಯ ಮಾತೇ ಇಲ್ಲ. ಗಡಿಗೋಡೆಯ ಮೇಲಿನಿಂದ ಇಣುಕಿ ನೋಡಿ, ಟೇಪ್ ಹಿಡಿಯಿರಿ. ನಂಬರ್ ಸಿಗುವಾಗ ತೊಂದರೆಯಾಗುವುದು ಹೆಚ್ಚಾಗಿ ಇಂತಹ ಕಡೆ, ಅದೂ ನೆರೆಯವರು ದೂರು ಕೊಟ್ಟಾಗ. ಪಾಸಾದ ಪ್ಲಾನಿನಲ್ಲಿ ತೋರಿಸಿದ ಜಾಗದಿಂದ ಟ್ಯಾಂಕನ್ನು ಸರಿಸುವುದಾದರೆ ಲೈಸೆನ್ಸಿ ಎಂಜಿನಿಯರರ ಮೂಲಕ ಪರಿಷ್ಕೃತ ಪ್ಲಾನನ್ನು ಈಗಲೇ ಸಲ್ಲಿಸಿ. ಕಂಪ್ಲೀಷನ್ ಹಂತದ ತನಕ ಕಾಯಬೇಡಿ.

ಪ್ರಶ್ನೆ: ಉಪ್ಪಳದಲ್ಲಿ ನಮ್ಮ ಅಂಗಡಿ ಸಮುಚ್ಚಯ ಕಟ್ಟಿ ನಾಲ್ಕು ವರ್ಷವಾಯಿತು. ಬೇಸಗೆಯಲ್ಲಿ, ಅದರಲ್ಲೂ ಎರಡು ಮೂರು ದಿನ ಮುಚ್ಚಿದ್ದ ಅಂಗಡಿಗಳ ಶೌಚಾಲಯದಿಂದ ಸಹಿಸಲಾಗದ ವಾಸನೆ ಬರುತ್ತದೆ. ಫಿನೈಲ್ ಹಾಕಿ ಸಾಕಾಗಿದೆ. ಸೆಪ್ಟಿಕ್ ಟ್ಯಾಂಕ್ ತುಂಬಿಲ್ಲ. ಏನು ಕಾರಣ?

ಉತ್ತರ: ಫಿನೈಲಿನಿಂದ ಹೋಗುವ ವಾಸನೆ ಇದಲ್ಲ, ಟ್ಯಾಂಕಿನ ಗ್ಯಾಸ್ ಹಿಂದಕ್ಕೆ ಬರುತ್ತಿದೆ. ನೆಲದ ನೀರು ಹೊರಹೋಗುವ ನಹಾನಿ ಟ್ರಾಪಿನಲ್ಲೂ ಬೇಸಿನ್ನಿನ ಕೆಳಗಿನ ಟ್ರಾಪಿನಲ್ಲೂ ನಿಂತಿರುವ ನೀರೇ ಆ ಗ್ಯಾಸಿಗೆ ಅಡ್ಡಗಟ್ಟಿರುವ ಬಾಗಿಲು. ಆ ನೀರಿನ ಆಳ 50 ಮಿಲಿಮೀಟರಾದರೂ ಇರಬೇಕು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಕೆಲವು ಟ್ರಾಪುಗಳಲ್ಲಿ ಅದರ ಅರ್ಧವೂ ಇರುವುದಿಲ್ಲ; ಬೇಸಗೆಯ ಸೆಕೆಗೆ ಕೆಲವೇ ದಿನಗಳಲ್ಲಿ ಆರಿಹೋಗುತ್ತದೆ. ಜಾಲಿ ತೆಗೆದು ಒಂದು ಕಡ್ಡಿ ಇಳಿಸಿ ಒದ್ದೆಯಾದ ಭಾಗವನ್ನು ಅಳೆದರೆ ತಮಗೇ ತಿಳಿಯುತ್ತದೆ.

ಆಳ ಸರಿಯಿದ್ದೂ ವಾಸನೆ ಬರುವುದಾದರೆ ಇನ್ನೊಂದು ಪರೀಕ್ಷೆ ಇದೆ. ಒಬ್ಬರು ಮೇಲಿನ ಅಂತಸ್ತಿನ ಕಮೋಡಿಗೆ ಒಂದು ಬಕೆಟ್ ನೀರನ್ನು ಒಮ್ಮೆಲೇ ಸುರಿಯಲಿ. ಅದೇ ಹೊತ್ತಿಗೆ ತಾವು ಕೆಳಗಿನ ಅಂತಸ್ತಿನಲ್ಲಿ ಟಾರ್ಚ್ ಹಿಡಿದು ನಹಾನಿ ಟ್ರಾಪಿನ ನೀರನ್ನು ನೋಡುತ್ತಿರಿ. ನೀರು ಮೆಲ್ಲಗೆ ಅಲುಗಾಡಿ ನಿಂತರೆ ತೊಂದರೆಯಿಲ್ಲ. ಗುಳುಗುಳು ಸದ್ದಿನೊಂದಿಗೆ ಕೆಳಕ್ಕೆ ಜಾರಿ, ಮೊದಲಿದ್ದ ಮಟ್ಟಕ್ಕೆ ಹಿಂತಿರುಗದಿದ್ದರೆ ಮೇಲಿನಿಂದ ಬೀಳುವ ನೀರು ಗಾಳಿ ಸಿಗದೆ ಟ್ರಾಪಿನ ನೀರನ್ನು ಎಳೆದುಕೊಂಡು ಹೋಗುತ್ತಿದೆ ಎಂದರ್ಥ. ಲೈನಿಗೆ ಗಾಳಿ ಕೊಡುವ ವೆಂಟ್ ಪೈಪ್ ಇಲ್ಲ, ಅಥವಾ ಇದ್ದರೂ ತಾರಸಿಯ ಕೆಳಗೇ ನಿಂತಿದೆ, ಅಥವಾ ಅದರ ಬಾಯಿಯಲ್ಲಿ ಹಕ್ಕಿ ಗೂಡು ಕಟ್ಟಿದೆ. ಜನ ಓಡಾಡುವ ತಾರಸಿಯಾದರೆ ವೆಂಟ್ ಪೈಪ್ ತಾರಸಿಯಿಂದ 2 ಮೀಟರ್ ಮೇಲಕ್ಕೆ ಹೋಗಬೇಕು, ಹಂಚಿನ ಅಥವಾ ಶೀಟಿನ ಮಾಡಾದರೆ ಮಾಡಿನಿಂದ 600 ಮಿಲಿಮೀಟರ್ ಮೇಲಕ್ಕೆ. ಹತ್ತಿರದಲ್ಲಿ ಕಿಟಕಿ ಇದ್ದರೆ ಅದರ ಮೇಲಂಚಿಗಿಂತಲೂ ಎತ್ತರದಲ್ಲಿರಬೇಕು. ತಾರಸಿಗೆ ಶೀಟ್ ಹೊದಿಸುವಾಗ ವೆಂಟ್ ಪೈಪನ್ನು ಕೊಯ್ದು ಶೀಟಿನ ಅಡಿಯಲ್ಲೇ ಬಿಡುವುದು ನಮ್ಮ ಜಿಲ್ಲೆಯಲ್ಲಿ ಬಹಳ ಕಡೆ ಕಾಣುತ್ತದೆ. ತಾವೂ ಕಟ್ಟಿದ ಬಳಿಕ ಶೀಟ್ ಹಾಕಿಸಿದ್ದರೆ ಮೊದಲು ಅಲ್ಲಿಗೆ ಹತ್ತಿ ನೋಡಿ. ಅದಕ್ಕೆ ಗೋಡೆ ಒಡೆಯುವ ಅಗತ್ಯವೂ ಇಲ್ಲ.

ಪ್ರಶ್ನೆ: ಮಂಜೇಶ್ವರದವರಾದ ನಮಗೆ ಮಂಗಳೂರಿನ ಪ್ಲಂಬರುಗಳೇ ಹತ್ತಿರ. ಅವರಿಂದ ಕೆಲಸ ಮಾಡಿಸಿದರೆ ಕೇರಳದಲ್ಲಿ ಒಪ್ಪುತ್ತಾರೆಯೇ?

ಉತ್ತರ: ಕೊಳವೆ ಕೂಡಿಸುವವರು ಯಾವ ಊರಿನವರು ಎಂದು ಪಂಚಾಯತು ಕೇಳುವುದಿಲ್ಲ, ಕಟ್ಟಡ ನಿಂತಿರುವ ನೆಲದ ನಿಯಮ ಪಾಲನೆಯಾಗಿದೆಯೇ ಎಂದು ನೋಡುತ್ತದೆ. ತಲಪಾಡಿ ದಾಟಿದ ಮೇಲೆ ಕರ್ನಾಟಕದ ಅಳತೆಗಳು ನಡೆಯುವುದಿಲ್ಲ, ಆದ್ದರಿಂದ ಬಾವಿಯ ದೂರ, ಗಡಿಯ ದೂರ, ಮಳೆನೀರು ಸಂಗ್ರಹ ಇವನ್ನು ತಮ್ಮ ಲೈಸೆನ್ಸಿ ಎಂಜಿನಿಯರರಿಂದ ಬರೆಸಿ ಪ್ಲಂಬರರ ಕೈಗೆ ಕೊಡಿ. ಐಎಸ್ ಗುರುತು, ಇಳಿಜಾರು, ವೆಂಟ್ ಇವು ದೇಶಕ್ಕೆಲ್ಲ ಒಂದೇ. ಕೇರಳ ಜಲ ಪ್ರಾಧಿಕಾರದ ಸಂಪರ್ಕ ತೆಗೆದುಕೊಳ್ಳುವಾಗ ಮಾತ್ರ ಅವರ ಲೈಸೆನ್ಸ್ ಪಡೆದ ಪ್ಲಂಬರೇ ಬೇಕು. ವಾಣಿಜ್ಯ ಕಟ್ಟಡಕ್ಕೆ ಗೃಹೇತರ ಸಂಪರ್ಕವನ್ನೇ ಕೇಳಬೇಕು. ಆ ಲೈನಿಗೆ ನೇರವಾಗಿ ಪಂಪ್ ಕಟ್ಟಿ ನೀರೆಳೆಯುವುದು ತಪ್ಪು. ನೀರು ಮೊದಲು ಸಂಪಿಗೆ ಬಿದ್ದು, ಪಂಪ್ ಅಲ್ಲಿಂದ ಎತ್ತಬೇಕು.

ಪ್ರಶ್ನೆ: ಮುಳ್ಳೇರಿಯದ ಕಡೆ ಗುಡ್ಡದ ಮೇಲೆ ಐನೂರು ಮಂದಿ ಕೂರುವ ಸಭಾಭವನ ಕಟ್ಟಿಸಬೇಕೆಂದಿದ್ದೇವೆ. ಗುಡ್ಡದ ಬುಡದಲ್ಲಿ ನಮ್ಮ ಅಜ್ಜನ ಕಾಲದ ಸುರಂಗವಿದ್ದು, ಕೆಳಗಿನ ಮೂರು ಮನೆಗಳಿಗೆ ಇಂದಿಗೂ ಕುಡಿಯುವ ನೀರು ಅದರಿಂದಲೇ. ಸುರಂಗದ ಬಾಯಿಯಿಂದ ನಮ್ಮ ಸೆಪ್ಟಿಕ್ ಟ್ಯಾಂಕಿಗೆ ಮೂವತ್ತು ಮೀಟರ್ ಇದೆ. ನಿಯಮ ಏಳೂವರೆ ಮೀಟರ್ ಎನ್ನುವುದರಿಂದ ನಾವು ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಇರಲಾಗದು. ತಾವು ಅಳೆದದ್ದು ಸುರಂಗದ ಬಾಯಿಯಿಂದ. ಸುರಂಗ ಬಾಯಿಯಲ್ಲಿ ಮುಗಿಯುವುದಿಲ್ಲ, ಅಲ್ಲಿಂದ ಗುಡ್ಡದ ಹೊಟ್ಟೆಯೊಳಕ್ಕೆ ಅಡ್ಡಲಾಗಿ ಹೋಗುತ್ತದೆ. ಮೇಲಿನ ಇಂಗುಗುಂಡಿ ಬಾಯಿಯಿಂದ ಮೂವತ್ತು ಮೀಟರ್ ದೂರವಿದ್ದೂ ಸುರಂಗದ ನೆತ್ತಿಯ ಮೇಲೇ ಕುಳಿತಿರಬಹುದು. ಸುರಂಗಕ್ಕೆ ನೀರು ಬರುವ ಬಗೆಯನ್ನು ನೆನಪಿಸಿಕೊಳ್ಳಿ. ಮಳೆನೀರು ಮುರಕಲ್ಲಿನ ರಂಧ್ರಗಳಲ್ಲಿ ಇಳಿದು, ಕೆಳಗಿನ ಶೇಡಿಮಣ್ಣಿನ ಪದರ ಇಳಿಯಬಿಡದಾಗ ಅದರ ಮೇಲೆ ಬದಿಗೆ ಸರಿದು ಒಸರುತ್ತದೆ. ಅಜ್ಜಂದಿರು ತೋಡಿದ್ದು ಆ ಒಸರನ್ನು ಹಿಡಿಯಲಿಕ್ಕೆ. ಇಂಗುಗುಂಡಿಯ ನೀರೂ ಅದೇ ರಂಧ್ರಗಳಲ್ಲಿ ಇಳಿದು ಅದೇ ಪದರದ ಮೇಲೆ ಅದೇ ದಿಕ್ಕಿಗೆ ಸರಿಯುತ್ತದೆ.

ಏಳೂವರೆ ಮೀಟರ್ ಎಂಬುದು ರಾಜ್ಯದ ನಿಯಮ ಹೇಳುವ ಕನಿಷ್ಠ ದೂರ. ಸೆಪ್ಟಿಕ್ ಟ್ಯಾಂಕಿನ ಮಾನಕವಾದ ಐಎಸ್ 2470, ಕೊಳಚೆಯನ್ನು ನೆಲಕ್ಕೆ ಇಂಗಿಸುವ ವ್ಯವಸ್ಥೆ ಕುಡಿಯುವ ನೀರಿನ ಮೂಲದಿಂದ 18 ಮೀಟರ್, ವಾಸದ ಕಟ್ಟಡದಿಂದ 6 ಮೀಟರ್ ದೂರವಿರಬೇಕು ಎನ್ನುತ್ತದೆ. ಎರಡು ಅಂಕಿಗಳಲ್ಲಿ ಯಾವುದು ಎಂದು ಕೇಳಿದರೆ, ಪರವಾನಗಿಗೆ ಮೊದಲನೆಯದು ಸಾಕಾದೀತು, ಮುರಕಲ್ಲಿನ ಗುಡ್ಡದಲ್ಲಿ ಎರಡನೆಯದಕ್ಕಿಂತ ಒಂದಡಿಯೂ ಕಡಿಮೆ ಬೇಡವೆಂಬುದು ನನ್ನ ಅಭಿಪ್ರಾಯ. ಅದೂ ಬಾಯಿಯಿಂದಲ್ಲ, ಸುರಂಗದ ದಾರಿಯಿಂದ. ಆದ್ದರಿಂದ ಮೊದಲು ಆ ದಾರಿಯನ್ನು ನೆಲದ ಮೇಲೆ ಗುರುತಿಸಬೇಕು. ಸುರಂಗದೊಳಗೆ ಹೋಗಿ ಬಂದ ಅನುಭವವಿರುವ ಹಿರಿಯರು ಊರಲ್ಲಿದ್ದರೆ ಅವರಿಂದ ದಿಕ್ಕು ಮತ್ತು ಉದ್ದ ತಿಳಿದುಕೊಳ್ಳಿ. ಉದ್ದದ ಸುರಂಗಗಳಿಗೆ ಗಾಳಿಗೆಂದು ಮೇಲಕ್ಕೆ ತೋಡಿದ ಕಿಂಡಿಗಳಿರುತ್ತವೆ, ಅವು ಸಿಕ್ಕರೆ ದಾರಿ ಸ್ಪಷ್ಟವಾಗುತ್ತದೆ. ಆ ಕಿಂಡಿಗಳಿಗೆ ಸಭಾಭವನದ ಅಂಗಳದ ನೀರು ಹರಿಯದಂತೆ ಕಟ್ಟೆ ಕಟ್ಟಬೇಕು. ಗುಡ್ಡದ ಇನ್ನೊಂದು ಮಗ್ಗುಲಿಗೆ ಇಂಗುಗುಂಡಿಯನ್ನು ಒಯ್ಯಲು ಸಾಧ್ಯವಿದ್ದರೆ ಕೊಳವೆಯ ಖರ್ಚನ್ನು ನೋಡಬೇಡಿ.

ಸಾಧ್ಯವಿಲ್ಲದಿದ್ದರೆ ಇಂಗುಗುಂಡಿಯ ಆಸೆ ಬಿಟ್ಟು ಸೆಪ್ಟಿಕ್ ಟ್ಯಾಂಕಿನ ಬಳಿಕ ನೀರು ಕೆಳಗಿನಿಂದ ಮೇಲಕ್ಕೆ ಜಲ್ಲಿಯ ಪದರದ ಮೂಲಕ ಏರುವ ಫಿಲ್ಟರ್ ಟ್ಯಾಂಕನ್ನು, ತಳ ಮತ್ತು ಗೋಡೆ ಸೋರದಂತೆ ಕಾಂಕ್ರೀಟಿನಲ್ಲಿ, ಕಟ್ಟಿಸಿ. ಮಾನಕದಲ್ಲಿ ಇದಕ್ಕೆ ಅವಕಾಶವಿದೆ. ನೆಲದಡಿಯ ನೀರು 1.8 ಮೀಟರಿಗಿಂತ ಮೇಲಕ್ಕೆ ಬರುವಲ್ಲಿಯೂ, ಪರೀಕ್ಷೆಯ ಗುಂಡಿಯಲ್ಲಿ ನೀರು 25 ಮಿಲಿಮೀಟರ್ ಇಳಿಯಲು 60 ನಿಮಿಷಕ್ಕಿಂತ ಹೆಚ್ಚು ಹಿಡಿಯುವಲ್ಲಿಯೂ ಅದು ಇಂಗುಗುಂಡಿಯ ಬದಲು ಇಂತಹ ಫಿಲ್ಟರನ್ನೇ ಸೂಚಿಸುತ್ತದೆ. ತಮ್ಮ ಗುಡ್ಡದಲ್ಲಿ ತೊಂದರೆ ಇದಕ್ಕೆ ವಿರುದ್ಧವಾಗಿರುವ ಸಂಭವವೇ ಹೆಚ್ಚು: ನೀರು ನಿಲ್ಲದೆ ಓಡಿಹೋಗುತ್ತದೆ, ಮಣ್ಣಿಗೆ ಶೋಧಿಸಲು ಸಮಯವೇ ಸಿಗುವುದಿಲ್ಲ. ಗುಂಡಿ ತುಂಬುವುದೇ ಇಲ್ಲ ಎಂದು ಕೆಲವರು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಕೇಳಿದಾಗ ಕೆಳಗಿನ ಮನೆಯವರ ಬಾವಿ ನೋಡಬೇಕೆನಿಸುತ್ತದೆ.

ಗಾತ್ರದ ಬಗ್ಗೆಯೂ ಒಂದು ಮಾತು. ಸಭಾಂಗಣಕ್ಕೆ ಆಸನಕ್ಕೆ 15 ಲೀಟರ್ ಎಂದು ಹಿಡಿದರೆ ಐನೂರು ಆಸನಕ್ಕೆ 7,500 ಲೀಟರ್ ಬರುತ್ತದೆ. ಅದು ಕಾರ್ಯಕ್ರಮ ನೋಡಿ ಎದ್ದು ಹೋಗುವವರ ಲೆಕ್ಕ. ಮದುವೆಗೆ ಬಂದವರು ಊಟ ಮಾಡುತ್ತಾರೆ, ಪಂಕ್ತಿ ಎದ್ದಾಗ ಇನ್ನೂರು ಮಂದಿ ಒಟ್ಟಿಗೆ ಕೈತೊಳೆಯುತ್ತಾರೆ, ಒಂದೆರಡು ಗಂಟೆಯೊಳಗೆ ಇಡೀ ದಿನದ ಭಾರ ಶೌಚಾಲಯದ ಮೇಲೆ ಬೀಳುತ್ತದೆ, ಮುಂದಿನ ಮದುವೆಯ ತನಕ ಏನೂ ಇಲ್ಲ. ಆದ್ದರಿಂದ ಕೈತೊಳೆಯುವ ನೀರನ್ನೂ ಪಾತ್ರೆ ತೊಳೆಯುವ ನೀರನ್ನೂ ಸೆಪ್ಟಿಕ್ ಟ್ಯಾಂಕಿಗೆ ಬಿಡದೆ, ಗ್ರೀಸ್ ಟ್ರಾಪ್ ದಾಟಿಸಿ, ಸುರಂಗದ ದಾರಿಯಿಂದ ದೂರದಲ್ಲಿ ಬೇರೆಯೇ ವಿಲೇವಾರಿ ಮಾಡಿ. ಟ್ಯಾಂಕಿನ ಅಗಲ 75 ಸೆಂಟಿಮೀಟರಿಗೆ, ನೀರಿನ ಆಳ ಒಂದು ಮೀಟರಿಗೆ ಕಡಿಮೆಯಾಗಬಾರದು, ಉದ್ದ ಅಗಲದ ಎರಡರಿಂದ ನಾಲ್ಕು ಪಟ್ಟು ಇರಬೇಕು ಎಂಬುದು ಎಲ್ಲ ಟ್ಯಾಂಕುಗಳಿಗೂ ಹೇಳಿದ ಮಾತು. ತಮ್ಮದರ ನಿಜವಾದ ಅಳತೆಯನ್ನು ಎಂಜಿನಿಯರರು ಊಟದ ದಿನದ ಗರಿಷ್ಠ ಬಳಕೆಯ ಮೇಲೆ ಲೆಕ್ಕ ಹಾಕಬೇಕೇ ಹೊರತು ವರ್ಷದ ಸರಾಸರಿಯ ಮೇಲಲ್ಲ.

ಪ್ರಶ್ನೆ: ಕುಂಬಳೆಯಲ್ಲಿ ಕಡಲಿಗೆ ಹತ್ತಿರ ಲಾಡ್ಜ್ ಕಟ್ಟುತ್ತಿದ್ದೇವೆ. ನೀರು ಬೇಸಗೆಯಲ್ಲಿ ಸ್ವಲ್ಪ ಉಪ್ಪು. ಜಿಐ (ಸತು ಲೇಪಿಸಿದ ಕಬ್ಬಿಣದ) ಕೊಳವೆಯೋ ಪ್ಲಾಸ್ಟಿಕ್ಕೋ?

ಉತ್ತರ: ಉಪ್ಪುನೀರಿಗೆ ಜಿಐ ಬೇಡ, ಕೆಲವೇ ವರ್ಷಗಳಲ್ಲಿ ಎಳೆ ಹಾಕಿದ ಜಾಗಗಳಿಂದ ತುಕ್ಕು ತಿನ್ನಲು ಶುರುವಾಗುತ್ತದೆ. ಬಿಸಿನೀರು, ತಣ್ಣೀರು ಎರಡಕ್ಕೂ ಐಎಸ್ 15778 ಗುರುತಿನ, ಬಿಸಿ ತಾಳುವ ಪ್ಲಾಸ್ಟಿಕ್ಕಾದ ಸಿಪಿವಿಸಿ ಹಾಕಿಸಿ. ಐಎಸ್ 4985ರ ಯುಪಿವಿಸಿ ತಣ್ಣೀರಿಗೆ ಮಾತ್ರ. ಸೋಲಾರಿನ ಬಿಸಿನೀರಿಗೆ ಅದನ್ನು ಕೂಡಿಸಿದರೆ ಬಾಗಿಹೋಗುತ್ತದೆ. ಕಕ್ಕಸಿನ ಲೈನಿಗೆ ಐಎಸ್ 13592ರ ಟೈಪ್ ಬಿ ಕೊಳವೆಯನ್ನೇ ಕೇಳಿ. ಟೈಪ್ ಎ ತೆಳುವಾದದ್ದು, ಮಳೆನೀರಿಗೂ ವೆಂಟಿಗೂ ಇರುವಂಥದ್ದು. ಎರಡೂ ದೂರದಿಂದ ಒಂದೇ ಥರ ಕಾಣುವುದರಿಂದ ಕೊಳವೆಯ ಮೈಮೇಲಿನ ಅಚ್ಚನ್ನು ಓದಿಯೇ ಇಳಿಸಿಕೊಳ್ಳಿ. ತಾರಸಿಯ ಬಿಸಿಲಿಗೆ ಒಡ್ಡಿಕೊಂಡ ಸಿಪಿವಿಸಿಗೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಬಳಿಯಿರಿ, ಆಯಿಲ್ ಪೇಂಟ್ ಬೇಡ. ಲಾಡ್ಜಿಗೆ ಒಬ್ಬ ಅತಿಥಿಗೆ ದಿನಕ್ಕೆ 180 ಲೀಟರ್ ಹಿಡಿಯಿರಿ.

ಪ್ರಶ್ನೆ: ಕಾಸರಗೋಡು ನಗರದಲ್ಲಿ ನಮ್ಮ ಕ್ಲಿನಿಕ್ ಕಟ್ಟಡದ ಕೊಳವೆ ಕೆಲಸ ಮುಗಿದು ಮುಂದಿನ ವಾರ ಟೈಲ್ಸ್ ಕೆಲಸ ಶುರು. ಕೊಳವೆಗಳನ್ನು ಪರೀಕ್ಷಿಸಬೇಡವೇ ಎಂದು ಕೇಳಿದರೆ 'ಟೈಲ್ಸ್ ಆದ ಮೇಲೆ ನಲ್ಲಿ ಬಿಟ್ಟು ನೋಡಿದರಾಯಿತು' ಎಂದು ಕಂಟ್ರಾಕ್ಟರ್ ಹೇಳುತ್ತಾರೆ. ಅವರು ಹೇಳುವುದು ಸರಿಯೇ?

ಉತ್ತರ: ಟೈಲ್ಸ್ ಕೆಲಸವನ್ನು ಒಂದು ವಾರ ಮುಂದೂಡಿ. ಮುಚ್ಚಿಹೋಗುವ ಕೊಳವೆಗಳನ್ನು ಮುಚ್ಚುವ ಮೊದಲೇ ಪರೀಕ್ಷಿಸಬೇಕೆಂಬುದು ಸಂಹಿತೆಯ ಮಾತು. ಕಂಪ್ಲೀಷನ್ ಆದ ಮೇಲೆ ಬಂದು ನೋಡುವವರಿಗೆ ಕಾಣುವುದು ಟೈಲ್ಸ್ ಮತ್ತು ಹೊಳೆಯುವ ನಲ್ಲಿ ಮಾತ್ರ. ನಲ್ಲಿ ಬಿಟ್ಟು ನೋಡುವುದರಿಂದ ನೀರು ಬರುತ್ತದೆಯೇ ಎಂಬುದು ತಿಳಿಯುತ್ತದೆ; ಸೋರುತ್ತದೆಯೇ ಎಂಬುದು ತಿಳಿಯಬೇಕಾದರೆ ನಲ್ಲಿಗಳನ್ನು ಮುಚ್ಚಿ ಒತ್ತಡ ಕೊಡಬೇಕು.

ನೀರಿನ ಲೈನಿಗೆ ಹೀಗೆ ಮಾಡಿಸಿ. ಸೊಲ್ಯೂಷನ್ ಹಚ್ಚಿದ ಕೊನೆಯ ಜಾಯಿಂಟಿಗೆ ಒಂದು ದಿನ ಒಣಗಲು ಬಿಡಿ. ನಲ್ಲಿ ಕೂರಿಸುವ ಬಾಯಿಗಳಿಗೆಲ್ಲ ಪ್ಲಗ್ ಹಾಕಿ, ಎಲ್ಲಕ್ಕಿಂತ ಎತ್ತರದ ಒಂದು ಬಾಯಿಯನ್ನು ತೆರೆದಿಟ್ಟು ಕೊಳವೆಯಲ್ಲಿ ಗಾಳಿ ಉಳಿಯದಂತೆ ನೀರು ತುಂಬಿಸಿ, ಬಳಿಕ ಅದನ್ನೂ ಮುಚ್ಚಿ. ಕೈಯಿಂದ ಒತ್ತುವ ಟೆಸ್ಟ್ ಪಂಪನ್ನು ಗೇಜ್ ಸಮೇತ ಕೂಡಿಸಿ, ಬಳಕೆಯ ಒತ್ತಡದ ಒಂದೂವರೆ ಪಟ್ಟು ಏರಿಸಿ. ಹತ್ತು ಮೀಟರ್ ಎತ್ತರದ ಟ್ಯಾಂಕ್ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಕೊಡುತ್ತದೆ. ತಾವು ಮೂರು ಕಿಲೋದ ಪ್ರೆಶರ್ ಪಂಪ್ ಹಾಕುವವರಿದ್ದರೆ ಪರೀಕ್ಷೆ ನಾಲ್ಕೂವರೆಯಲ್ಲಿ ಆಗಬೇಕು. ಮುಳ್ಳು ಎರಡು ಗಂಟೆ ಅಲ್ಲಾಡದೆ ನಿಲ್ಲಬೇಕೆಂಬುದು ನಾನು ಇಟ್ಟುಕೊಂಡ ಅಳತೆ. ಮುಳ್ಳು ಇಳಿದರೆ ಪ್ರತಿ ಜಾಯಿಂಟನ್ನೂ ಒಣಬಟ್ಟೆಯಿಂದ ಒರೆಸಿ, ಮತ್ತೆ ಬೆರಳಿಟ್ಟು ನೋಡುತ್ತ ಹೋಗಿ. ಕಣ್ಣಿಗೆ ಕಾಣದ ಸೋರಿಕೆ ಬೆರಳಿಗೆ ಸಿಗುತ್ತದೆ. ನೀರು ತುಂಬುವ ತಾಪತ್ರಯ ಬೇಡವೆಂದು ಕಂಪ್ರೆಸರಿನಿಂದ ಗಾಳಿ ತುಂಬಿಸಲು ಕೆಲವರು ಹೊರಡುತ್ತಾರೆ. ಪ್ಲಾಸ್ಟಿಕ್ ಕೊಳವೆಗೆ ಅದು ಅಪಾಯ. ಒತ್ತಿದ ಗಾಳಿ ತುಂಬಿದ ಕೊಳವೆ ಒಡೆದರೆ ಚೂರುಗಳು ಸಿಡಿದು ಹತ್ತಿರ ನಿಂತವರಿಗೆ ಗಾಯವಾಗುತ್ತದೆ.

ಚರಂಡಿ ಲೈನಿಗೆ ಒತ್ತಡದ ಪಂಪ್ ಬೇಡ. ಬುಡದ ಚೇಂಬರಿನಲ್ಲಿ ಕೊಳವೆಯ ಬಾಯಿ ಮುಚ್ಚಿ, ಒಂದೊಂದು ಅಂತಸ್ತಿನಂತೆ ನೀರು ತುಂಬಿಸಿ, ಮಟ್ಟ ಇಳಿಯುತ್ತದೆಯೇ ಎಂದು ಗೆರೆ ಎಳೆದು ನೋಡಿದರೆ ಸಾಕು. ರಬ್ಬರ್ ರಿಂಗಿನ ಜಾಯಿಂಟುಗಳಲ್ಲಿ ಕೊಳವೆಯನ್ನು ಪೂರ್ತಿ ಒಳಕ್ಕೆ ತಳ್ಳಿ ಹತ್ತು ಮಿಲಿಮೀಟರ್ ಹಿಂದಕ್ಕೆ ಎಳೆದಿರಬೇಕು, ಬಿಸಿಲಿಗೆ ಹಿಗ್ಗಲು ಅಷ್ಟು ಜಾಗ ಬೇಕು. ಎಳೆದಿದ್ದಾರೆಯೇ ಎಂಬುದು ಈಗ ಮಾತ್ರ ಕಾಣುತ್ತದೆ. ಪರೀಕ್ಷೆ ಮುಗಿದ ಕೂಡಲೇ ಪ್ರತಿ ಗೋಡೆಯ ಪಕ್ಕದಲ್ಲಿ ಟೇಪ್ ಹಿಡಿದು, ನೆಲದಿಂದ ಮತ್ತು ಮೂಲೆಯಿಂದ ಕೊಳವೆ ಎಷ್ಟು ದೂರದಲ್ಲಿದೆ ಎಂಬುದು ತಿಳಿಯುವಂತೆ ಫೋಟೋ ತೆಗೆಸಿ. ಅಳತೆಗಳನ್ನು ಪ್ಲಾನಿನ ಪ್ರತಿಯೊಂದರ ಮೇಲೆ ಬರೆಸಿ, ಕಂಟ್ರಾಕ್ಟರರ ಸಹಿ ಹಾಕಿಸಿ ಕಂಪ್ಲೀಷನ್ ಕಾಗದಗಳ ಜತೆ ಇಡಿ. ಕ್ಲಿನಿಕ್ಕಿನಲ್ಲಿ ಒಂದಲ್ಲ ಒಂದು ದಿನ ಹೊಸ ಯಂತ್ರ ಕೂರಿಸಲು ಗೋಡೆಗೆ ಡ್ರಿಲ್ ಹಿಡಿಯುವವರಿಗೆ ಮೊದಲು ಆ ಪ್ರತಿಯನ್ನು ತೋರಿಸಿ.